ಕೊಳವೆಬಾವಿಯ ಆರ್ಸೆನಿಕ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆಯೇ?

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯವರು. ಹಲವು ವರ್ಷ ಕೊಳವೆಬಾವಿಯ ನೀರನ್ನೇ ಕುಡಿದ ನಮ್ಮ ತಾಯಿಯವರ ಅಂಗೈಯಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳು ಎದ್ದಿವೆ. ತಿಂಗಳಿನಿಂದ ಕೆಮ್ಮೂ ಬಿಟ್ಟಿಲ್ಲ. ಆರ್ಸೆನಿಕ್ ಚರ್ಮವನ್ನಲ್ಲದೆ ರೋಗನಿರೋಧಕ ಶಕ್ತಿಯನ್ನೂ ಕೆಡಿಸುತ್ತದೆಯೇ? ನೀರನ್ನು ಕುದಿಸಿದರೆ ಸಾಕೇ?

ಉತ್ತರ 1: ಹೌದು, ಕೆಡಿಸುತ್ತದೆ. ಬಾಂಗ್ಲಾದೇಶದ ಮತ್ಲಾಬ್‌ನಲ್ಲಿ ನಡೆದ ಅಧ್ಯಯನಗಳಲ್ಲಿ, ಗರ್ಭಿಣಿಯಾಗಿದ್ದಾಗ ಆರ್ಸೆನಿಕ್ ಹೆಚ್ಚು ಸೇವಿಸಿದ ತಾಯಂದಿರ ಶಿಶುಗಳಲ್ಲಿ, ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಪಕ್ವವಾಗುವ ಥೈಮಸ್ ಗ್ರಂಥಿಯೇ ಚಿಕ್ಕದಾಗಿರುವುದು ಕಂಡುಬಂದಿತು. ಚಿಲಿಯ ಆಂಟೊಫಾಗಸ್ಟಾದಲ್ಲಿ 1958ರಿಂದ 1970ರವರೆಗೆ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದ ನೀರನ್ನು ಜನ ಕುಡಿದರು. ಆ ಪ್ರದೇಶದಲ್ಲಿ ಶ್ವಾಸಕೋಶದ ಕ್ಷಯದ ಸಾವುಗಳು ಹೆಚ್ಚಿದವು, ನೀರು ಶುದ್ಧವಾದ ಮೇಲೂ ಅದರ ಪರಿಣಾಮ ಬಹುಕಾಲ ಉಳಿಯಿತು. ಆದ್ದರಿಂದ ನಿಮ್ಮ ತಾಯಿಯವರ ಕಫವನ್ನು ತಡಮಾಡದೆ ಕ್ಷಯಕ್ಕಾಗಿ ಪರೀಕ್ಷೆ ಮಾಡಿಸಿ. ಆ ಗಂಟುಗಳನ್ನೂ ಚರ್ಮರೋಗ ತಜ್ಞರಿಗೆ ತೋರಿಸಲೇಬೇಕು, ಏಕೆಂದರೆ ಅವು ಕೆಲವೊಮ್ಮೆ ಕ್ಯಾನ್ಸರಿಗೆ ತಿರುಗುತ್ತವೆ.

ಉತ್ತರ 2: ದಯವಿಟ್ಟು ಕುದಿಸುವುದನ್ನು ನಂಬಬೇಡಿ. ನೀರು ಆವಿಯಾಗಿ ಹೋಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವವರೆಗೆ ಅಡುಗೆಗೂ ಬೇರೆ ನೀರನ್ನೇ ಬಳಸಿ. ಮೂತ್ರಪರೀಕ್ಷೆ ಇತ್ತೀಚಿನ ಕೆಲವು ದಿನಗಳ ಸೇವನೆಯನ್ನಷ್ಟೇ ಹೇಳುತ್ತದೆ. ಹಿಂದಿನ ತಿಂಗಳುಗಳ ಸುಳಿವು ಉಗುರು, ಕೂದಲುಗಳಲ್ಲಿರುತ್ತದೆ.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ಆರ್ಸೆನಿಕ್, ಪಾದರಸದಂಥ ಭಾರಲೋಹಗಳೆಲ್ಲದರ ಪರಿಣಾಮವೂ ಒಂದೇ ಬಗೆಯದಲ್ಲ. ಪಾದರಸವು ರೋಗನಿರೋಧಕ ವ್ಯವಸ್ಥೆಯನ್ನು ದೇಹದ ಸ್ವಂತ ಅಂಗಾಂಶಗಳ ವಿರುದ್ಧವೇ ತಿರುಗಿಸಬಲ್ಲದು. ಹೀಗಾಗಿ ನೀರಿನಲ್ಲಿ ಯಾವ ಲೋಹವಿದೆ ಎಂಬುದು ವರದಿಯಲ್ಲಿ ಪ್ರತ್ಯೇಕವಾಗಿ ಬರಬೇಕೆಂದು ಮೊದಲೇ ಕೇಳಿಕೊಳ್ಳಿ.