ಹೆಸರಿನ ಖಾನೆಯಲ್ಲಿ ಕಾಗುಣಿತ, ಒತ್ತಕ್ಷರ ಬೀಳುತ್ತಿಲ್ಲ: ಸಿ ಶಾರ್ಪ್, ವಿಂಡೋಸ್ ಫಾರ್ಮ್ಸ್

ಪ್ರಶ್ನೆ:
ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕಾಗಿ ಸದಸ್ಯರ ನೋಂದಣಿ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಹೆಸರಿನ ಖಾನೆಯಲ್ಲಿ ಅಂಕಿ, ಚಿಹ್ನೆಗಳು ಸೇರಬಾರದೆಂದು ಪ್ರತಿ ಕೀಲಿ ಒತ್ತಿದಾಗ ನಡೆಯುವ ಕೀಪ್ರೆಸ್ ಈವೆಂಟಿನಲ್ಲಿ, ಒತ್ತಿದ್ದು ಅಕ್ಷರವೇ ಎಂದು ನೋಡುವ ಚಾರ್.ಈಸ್‌ಲೆಟರ್ ಪರೀಕ್ಷೆ ಹಾಕಿ, ಅದು ಒಪ್ಪದ ಕೀಲಿಗಳು ಖಾನೆಗೆ ಬೀಳದಂತೆ ಇ.ಹ್ಯಾಂಡಲ್ಡ್ ಬೆಲೆಯನ್ನು ಟ್ರೂ ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಸರಿಯಾಗಿ ನಡೆಯುತ್ತದೆ. ಆದರೆ ಕನ್ನಡ ಕೀಲಿಮಣೆಯಲ್ಲಿ ‘ಕೃಷ್ಣಮೂರ್ತಿ’ ಎಂದು ಟೈಪ್ ಮಾಡಿದರೆ ‘ಕಷಣಮರತ’ ಎಂದು ಮೂಡುತ್ತದೆ. ಫಾಂಟ್ ಬದಲಿಸಿ ನೋಡಿದರೂ ಪ್ರಯೋಜನವಾಗಲಿಲ್ಲ. ಬೇರೆಡೆಯಿಂದ ನಕಲಿಸಿ ಮೌಸ್‌ನಿಂದ ಅಂಟಿಸಿದರೆ ಮಾತ್ರ ಅಂಕಿಗಳೂ ಸೇರಿ ಎಲ್ಲವೂ ಒಳಗೆ ಬಂದುಬಿಡುತ್ತದೆ. ದೋಷ ಎಲ್ಲಿದೆ?

ಉತ್ತರ:
ಫಾಂಟಿನಲ್ಲಿ ದೋಷವಿಲ್ಲ, ಪರೀಕ್ಷೆಯಲ್ಲಿದೆ. ಈಸ್‌ಲೆಟರ್ ನೋಡುವುದು ಯೂನಿಕೋಡ್ (ಎಲ್ಲ ಲಿಪಿಗಳ ಸಂಕೇತಪಟ್ಟಿ) ಪ್ರತಿ ಸಂಕೇತಕ್ಕೂ ಕೊಟ್ಟಿರುವ ವರ್ಗವನ್ನು. ಕ, ಷ, ಮ ಮುಂತಾದವು ಅಕ್ಷರ ವರ್ಗಕ್ಕೆ ಸೇರಿವೆ. ಸ್ವರಚಿಹ್ನೆಗಳು, ಅನುಸ್ವಾರ, ವಿಸರ್ಗ ಮತ್ತು ಹಲಂತ ಚಿಹ್ನೆ ‘ಮಾರ್ಕ್’ ಎಂಬ ಬೇರೆ ವರ್ಗಕ್ಕೆ ಸೇರಿವೆ. ‘ಕೃಷ್ಣಮೂರ್ತಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರವಾದರೂ ಡಾಟ್‌ನೆಟ್‌ನ ಲೆಕ್ಕದಲ್ಲಿ 11 ಚಾರ್ (ಸಂಕೇತ): ಆರು ಮೂಲಾಕ್ಷರ, ಐದು ಮಾರ್ಕ್. ಆ ಐದನ್ನೂ ನಿಮ್ಮ ಪರೀಕ್ಷೆ ಬಾಗಿಲಲ್ಲೇ ತಡೆದಿದೆ. ಇದೇ ಕಾರಣಕ್ಕೆ ಮ್ಯಾಕ್ಸ್‌ಲೆಂತ್ (ಖಾನೆಯ ಗರಿಷ್ಠ ಉದ್ದ) ಕೂಡ ಧಾರಾಳವಾಗಿರಲಿ; 10 ಎಂದಿಟ್ಟರೆ ಕೊನೆಯ ಗುಣಿಸು ಬೀಳದೆ ಹೆಸರು ‘ಕೃಷ್ಣಮೂರ್ತ’ ಎಂದು ನಿಲ್ಲುತ್ತದೆ.

ಕೀಪ್ರೆಸ್‌ನಲ್ಲಿ ಒಂದೊಂದೇ ಕೀಲಿಯನ್ನು ಸೋಸುವುದನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಮೌಸ್‌ನಿಂದ ಅಂಟಿಸಿದ ಪಠ್ಯ ಆ ದಾರಿಯಲ್ಲಿ ಬರುವುದೇ ಇಲ್ಲ. ಬದಲಿಗೆ, ಖಾನೆಯಿಂದ ಹೊರಬರುವಾಗ ನಡೆಯುವ ವ್ಯಾಲಿಡೇಟಿಂಗ್ ಈವೆಂಟಿನಲ್ಲಿ ಇಡೀ ಪಠ್ಯವನ್ನು ತೆಗೆದುಕೊಂಡು, ಹಿಂದುಮುಂದಿನ ಖಾಲಿ ಜಾಗವನ್ನು ಟ್ರಿಮ್‌ನಿಂದ ತೆಗೆದು, ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಜ್ ಕರೆದು, ಆಮೇಲೆ ರೆಗೆಕ್ಸ್‌ನಿಂದ (ಪಠ್ಯದ ಮಾದರಿ ಹೊಂದಿಸಿ ನೋಡುವ ಸೂತ್ರ) ಪರೀಕ್ಷಿಸಿ. ‘ಕೊ’ ಎಂಬುದರ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರಬಹುದಾದ್ದರಿಂದ, ನಾರ್ಮಲೈಜ್ ಮಾಡದಿದ್ದರೆ ಮುಂದೆ ಹೆಸರು ಹುಡುಕುವಾಗ ಒಂದೇ ಹೆಸರು ಎರಡಾಗಿ ಕಾಣುತ್ತದೆ.

ರೆಗೆಕ್ಸ್‌ನಲ್ಲಿ ಅಕ್ಷರ ವರ್ಗ, ಮಾರ್ಕ್ ವರ್ಗ, ಖಾಲಿ ಜಾಗ ಮತ್ತು ಇನಿಷಿಯಲ್ ಬರೆಯಲು ಬೇಕಾದ ಚುಕ್ಕಿಯನ್ನು ಒಪ್ಪಿಸಿ. ಇವುಗಳ ಜೊತೆಗೆ ಬಹಳಷ್ಟು ಜನ ಮರೆಯುವ ಎರಡು ಸಂಕೇತಗಳಿವೆ: ಯೂನಿಕೋಡ್ 200ಸಿ ಮತ್ತು 200ಡಿ. ಇವು ಕಣ್ಣಿಗೆ ಕಾಣುವುದಿಲ್ಲ, ಅಕ್ಷರ ವರ್ಗಕ್ಕೂ ಮಾರ್ಕ್ ವರ್ಗಕ್ಕೂ ಸೇರಿದವಲ್ಲ. ಆದರೆ 200ಸಿ ಇಲ್ಲದಿದ್ದರೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಎಂದು ಬರೆಯಲು 200ಡಿ ಬೇಕು. ಸದಸ್ಯರು ತಮ್ಮ ಹೆಸರನ್ನು ಹೇಗೆ ಬರೆಯುತ್ತಾರೋ ಹಾಗೆಯೇ ಅದು ದಾಖಲಾಗಬೇಕು. ಆದ್ದರಿಂದ ಅನುಮಾನವಿದ್ದ ಕಡೆ ತಡೆಯುವುದಕ್ಕಿಂತ ಒಪ್ಪಿಕೊಳ್ಳುವುದೇ ಮೇಲು.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ ಸರ್, ಹೆಸರು ಈಗ ಸರಿಯಾಗಿ ಬರುತ್ತಿದೆ. ಎರಡು ತೊಡಕು ಉಳಿದಿವೆ. ತಪ್ಪಿದ್ದಾಗ ವ್ಯಾಲಿಡೇಟಿಂಗ್‌ನಲ್ಲಿ ಇ.ಕ್ಯಾನ್ಸಲ್ ಟ್ರೂ ಮಾಡಿದರೆ ಕರ್ಸರ್ ಆ ಖಾನೆಯಲ್ಲೇ ಸಿಕ್ಕಿಕೊಳ್ಳುತ್ತದೆ, ‘ರದ್ದು’ ಗುಂಡಿಯನ್ನೂ ಒತ್ತಲಾಗುವುದಿಲ್ಲ. ಇನ್ನೊಂದು, ಹಸುಗಳ ಸಂಖ್ಯೆಯ ಖಾನೆಯಲ್ಲಿ ಕಾರ್ಯದರ್ಶಿಯವರು ‘೫’ ಎಂದು ಬರೆದರೆ ಅಂಕಿಯೇ ಎಂದು ನೋಡುವ ಈಸ್‌ಡಿಜಿಟ್ ಒಪ್ಪುತ್ತದೆ, ಆದರೆ ಪಠ್ಯವನ್ನು ಸಂಖ್ಯೆಯಾಗಿಸುವ ಇಂಟ್.ಪಾರ್ಸ್‌ನಲ್ಲಿ ತಂತ್ರಾಂಶವೇ ನಿಂತುಹೋಗುತ್ತದೆ.

ಉತ್ತರ:
ಮೊದಲನೆಯದಕ್ಕೆ, ‘ರದ್ದು’ ಗುಂಡಿಯ ಕಾಸಸ್‌ವ್ಯಾಲಿಡೇಷನ್ ಗುಣವನ್ನು ಫಾಲ್ಸ್ ಮಾಡಿ, ಫಾರ್ಮಿನ ಆಟೋವ್ಯಾಲಿಡೇಟ್ ಗುಣವನ್ನು ಎನೇಬಲ್‌ಅಲೋಫೋಕಸ್‌ಚೇಂಜ್ ಎಂದಿಡಿ; ಆಗ ತಪ್ಪಿದ್ದರೂ ಕರ್ಸರ್ ಬೇರೆ ಖಾನೆಗೆ ಹೋಗಬಲ್ಲದು. ಕಿಟಕಿಯನ್ನು ಮುಚ್ಚಲು ಅಡ್ಡಿಯಾದರೆ ಫಾರ್ಮ್‌ಕ್ಲೋಸಿಂಗ್‌ನಲ್ಲಿ ಇ.ಕ್ಯಾನ್ಸಲ್ ಫಾಲ್ಸ್ ಮಾಡಿ. ತಪ್ಪನ್ನು ಎರರ್‌ಪ್ರೊವೈಡರ್ ಮೂಲಕ ಖಾನೆಯ ಪಕ್ಕದಲ್ಲೇ, ‘ಹೆಸರಿನಲ್ಲಿ ಅಂಕಿ ಇರಬಾರದು’ ಎಂಬಂಥ ನೇರ ಕನ್ನಡದಲ್ಲಿ ತೋರಿಸಿ. ‘ಉಳಿಸು’ ಗುಂಡಿ ಒತ್ತಿದಾಗ ಮಾತ್ರ ಎಲ್ಲ ಖಾನೆಗಳನ್ನೂ ಪರೀಕ್ಷಿಸುವ ವ್ಯಾಲಿಡೇಟ್‌ಚಿಲ್ಡ್ರನ್ ಕರೆದು, ಅದು ಫಾಲ್ಸ್ ಎಂದರೆ ಉಳಿಸಬೇಡಿ.

ಎರಡನೆಯದಕ್ಕೆ ಕಾರಣ, ಈಸ್‌ಡಿಜಿಟ್ ಮತ್ತು ರೆಗೆಕ್ಸ್‌ನ ಅಂಕಿ ವರ್ಗ ಎಲ್ಲ ಲಿಪಿಗಳ ಅಂಕಿಗಳನ್ನೂ ಒಪ್ಪುತ್ತವೆ, ಇಂಟ್.ಪಾರ್ಸ್ 0ಯಿಂದ 9ರವರೆಗಿನವನ್ನು ಮಾತ್ರ ಓದುತ್ತದೆ. ಕನ್ನಡ ಅಂಕಿ ಬರೆದವರನ್ನು ತಡೆಯಬೇಡಿ. ಚಾರ್‌ಯೂನಿಕೋಡ್‌ಇನ್ಫೋ ಕ್ಲಾಸಿನ ಗೆಟ್‌ಡೆಸಿಮಲ್‌ಡಿಜಿಟ್‌ವ್ಯಾಲ್ಯೂ ‘೫’ಕ್ಕೆ 5ನ್ನೇ ಹಿಂತಿರುಗಿಸುತ್ತದೆ, ಪ್ರತಿ ಅಂಕಿಯನ್ನೂ ಹಾಗೆ ಬದಲಿಸಿಕೊಂಡು, ಆಮೇಲೆ ಪಾರ್ಸ್ ಬದಲು, ಓದಲಾಗದಿದ್ದರೆ ಫಾಲ್ಸ್ ಎನ್ನುವ ಟ್ರೈಪಾರ್ಸ್ ಬಳಸಿದರೆ ತಂತ್ರಾಂಶ ನಿಲ್ಲುವುದಿಲ್ಲ.