ಕಡಲ ಬದಿಯ ಊರಿಗೆ ಸೆಂಟರ್ ಲಾಕ್ ಚಕ್ರವೇ, ಐದು ಬೋಲ್ಟಿನದೇ?

ಕದ್ರಿ ಗುಡ್ಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಪೋರ್ಷೆ 911 ಒಂದನ್ನು ಕೊಳ್ಳಬೇಕೆಂದು ಎರಡು ವರ್ಷಗಳಿಂದ ಹಣ ಕೂಡಿಡುತ್ತಿದ್ದೇನೆ. ಈಗ ಬೆಂಗಳೂರಿನಲ್ಲಿ ಎರಡು ಕಾರುಗಳು ಒಂದೇ ಹೊತ್ತಿಗೆ ಮಾರಾಟಕ್ಕೆ ಬಂದು ನನ್ನ ನಿದ್ದೆ ಕೆಡಿಸಿವೆ. ಎರಡೂ 991 ತಲೆಮಾರಿನವು, ಎರಡರಲ್ಲೂ ಇರುವುದು 3.8 ಲೀಟರಿನ ಎಂಜಿನ್. ಮೊದಲನೆಯದು 400 ಅಶ್ವಶಕ್ತಿಯ ಕರೆರಾ ಎಸ್; ಅದರ ಚಕ್ರಗಳಿಗೆ ನಾವೆಲ್ಲ ಬಲ್ಲಂತಹ ಐದು ಬೋಲ್ಟುಗಳಿವೆ. ಇನ್ನೊಂದು 430 ಅಶ್ವಶಕ್ತಿಯ ಕರೆರಾ ಜಿಟಿಎಸ್. ಅದರಲ್ಲಿ ಚಕ್ರದ ನಡುವೆ ಒಂದೇ ಒಂದು ದೊಡ್ಡ ನಟ್ಟು ಇರುವ ಸೆಂಟರ್ ಲಾಕ್ ವ್ಯವಸ್ಥೆಯಿದೆ.

ನೋಡಲು ಜಿಟಿಎಸ್‌ನ ಚಕ್ರವೇ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಇರುವುದು ಮಂಗಳೂರಿನಲ್ಲಿ. ವಾರಕ್ಕೆರಡು ಸಲ ಕೆಲಸದ ಮೇಲೆ ಉಡುಪಿಗೆ ಹೋಗಿ ಬರುತ್ತೇನೆ. ಜೂನ್ ಬಂತೆಂದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎಲ್ಲಿ ನೀರು ನಿಂತಿದೆ, ಎಲ್ಲಿ ಹೊಂಡ ಬಿದ್ದಿದೆ ಎಂದು ತಿಳಿಯುವುದು ಟಯರು ಅದರೊಳಗೆ ಇಳಿದ ಮೇಲೆಯೇ. ಕಂಪೆನಿಯ ಸರ್ವಿಸ್ ಬೇಕಾದರೆ ಘಟ್ಟ ಹತ್ತಿ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಕೊಚ್ಚಿಗೆ. ಇಂತಹ ಪರಿಸ್ಥಿತಿಯಲ್ಲಿ ಸೆಂಟರ್ ಲಾಕ್ ತೆಗೆದುಕೊಳ್ಳುವುದು ಬುದ್ಧಿವಂತಿಕೆಯೇ? ಅದರಿಂದ ಓಡಿಸುವಾಗ ನಿಜವಾಗಿ ಏನಾದರೂ ಲಾಭವಿದೆಯೇ, ಅಥವಾ ಅದು ಬರಿಯ ಅಲಂಕಾರವೇ? ಬಳಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆ ಪಾನಾ, ಉಡುಪಿ

ಕದ್ರಿಯವರೇ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ಹಗುರವಾಗುತ್ತದೆ. ಒಂದೇ ನಟ್ಟಿನ ಚಕ್ರ ಹೊಸ ಕಲ್ಪನೆಯಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲೇ ಇಂಗ್ಲೆಂಡಿನ ರಡ್ಜ್-ವಿಟ್ವರ್ತ್ ಕಂಪೆನಿ ಅದನ್ನು ತಂತಿ ಕಡ್ಡಿಗಳ ಚಕ್ರಗಳಿಗೆ ಜೋಡಿಸಿ ಮಾರುತ್ತಿತ್ತು. ಹಳೆಯ ಜಾಗ್ವಾರ್ ಇ-ಟೈಪ್‌ನ ಚಿತ್ರಗಳಲ್ಲಿ ಚಕ್ರದ ನಡುವೆ ಕಿವಿಗಳಂತೆ ಚಾಚಿಕೊಂಡ ನಟ್ಟನ್ನು ನೀವು ನೋಡಿರಬಹುದು. ಆ ಕಿವಿಗೆ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡುತ್ತಿದ್ದರು, ಹೊಡೆದೇ ಬಿಚ್ಚುತ್ತಿದ್ದರು. ಚಕ್ರ ತಿರುಗುವಾಗ ನಟ್ಟು ತಾನಾಗಿ ಸಡಿಲವಾಗದಿರಲೆಂದು ಕಾರಿನ ಎಡಬದಿಗೆ ಬಲಮರೆಯನ್ನೂ (ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು ಸುತ್ತು) ಬಲಬದಿಗೆ ಎಡಮರೆಯನ್ನೂ ಕೊಡುತ್ತಿದ್ದರು. ಹೊರಗೆ ಚಾಚಿದ ಆ ಕಿವಿಗಳು ಪಾದಚಾರಿಗಳಿಗೆ ಅಪಾಯವೆಂದು ಅಮೆರಿಕದ ಸುರಕ್ಷತಾ ನಿಯಮ 1968ರಲ್ಲಿ ಅವನ್ನು ನಿಷೇಧಿಸಿತು.

ರೇಸಿನಲ್ಲಿ ಇದರ ಲಾಭ ಕಣ್ಣಿಗೆ ಕಾಣುವಂಥದ್ದು. 2023ರ ಕತಾರ್ ಗ್ರ್ಯಾನ್ ಪ್ರಿಯಲ್ಲಿ ಮೆಕ್ಲಾರೆನ್ ತಂಡ ನಾಲ್ಕೂ ಚಕ್ರಗಳನ್ನು ಬದಲಿಸಲು ತೆಗೆದುಕೊಂಡ ಸಮಯ 1.80 ಸೆಕೆಂಡು, ಐದು ಬೋಲ್ಟು ಇದ್ದಿದ್ದರೆ ಅಷ್ಟರಲ್ಲಿ ಒಂದು ಬೋಲ್ಟೂ ಪೂರ್ತಿ ಹೊರಬರುತ್ತಿರಲಿಲ್ಲ. ಪೋರ್ಷೆಯವರು ರಸ್ತೆಯ ಕಾರಿನಲ್ಲಿ ಅದನ್ನು 911ರ ಜಿಟಿ3 ಎಂಬ ಮಾದರಿಗೆ ತಂದದ್ದು 2009ರ 3.8 ಲೀಟರಿನ ಮಾದರಿಯಿಂದ. ಅದಕ್ಕಿಂತ ಮುಂಚಿನ 997 ತಲೆಮಾರಿನ ಜಿಟಿ3ಗೆ ಐದೇ ಬೋಲ್ಟು, ಮತ್ತು ಅದನ್ನು ಓಡಿಸಿದವರು ಯಾರೂ ಚಕ್ರದಲ್ಲಿ ಕೊರತೆ ಕಂಡದ್ದನ್ನು ನಾನು ಕೇಳಿಲ್ಲ. ತೂಕ ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ಚಕ್ರದ ನಡುಭಾಗದಲ್ಲಿ ಸ್ವಲ್ಪ ಉಳಿಯುವುದು ನಿಜ, ಆದರೆ ಅಂಗೈಯಗಲದ ಆ ನಟ್ಟು ಮತ್ತು ಅದನ್ನು ಹಿಡಿಯಲು ಬೇಕಾದ ದಪ್ಪ ಹಬ್ಬು (ಚಕ್ರ ಕೂರುವ ನಡುಗುಂಬ) ಆ ಉಳಿತಾಯವನ್ನು ಬಹುಪಾಲು ತಿಂದುಹಾಕುತ್ತವೆ. ಪಡುಬಿದ್ರಿಯಿಂದ ಕಾಪುವಿನವರೆಗೆ ಓಡಿಸುವವರಿಗೆ ಸ್ಟಿಯರಿಂಗಿನಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ವಿಷಯ. ಐದು ಬೋಲ್ಟಿನಲ್ಲಿ ಒಂದು ಸಡಿಲವಾದರೆ ಉಳಿದ ನಾಲ್ಕು ಭಾರ ಹೊತ್ತು, ಸದ್ದು ಮಾಡಿಯಾದರೂ ನಿಮ್ಮನ್ನು ಎಚ್ಚರಿಸುತ್ತವೆ. ಒಂದೇ ನಟ್ಟಿಗೆ ಆ ಅವಕಾಶವಿಲ್ಲ, ಆದ್ದರಿಂದ ಅದರೊಳಗೆ ಸ್ಪ್ರಿಂಗಿನ ಬಲದಿಂದ ನಿಲ್ಲುವ ಹಲ್ಲಿನ ಬೀಗವೊಂದನ್ನು ಇಟ್ಟಿದ್ದಾರೆ. ಸಾಕೆಟ್ (ನಟ್ಟಿನ ಮೇಲೆ ಕೂರುವ ಪಾನಾದ ತಲೆ) ಒತ್ತಿದಾಗ ಬೀಗ ಒಳಗೆ ಸರಿದು ನಟ್ಟನ್ನು ಬಿಡುತ್ತದೆ, ಸಾಕೆಟ್ ತೆಗೆದಾಗ ಹೊರಗೆ ಬಂದು ಹಿಡಿಯುತ್ತದೆ. ಅದು ಹೊರಗೆ ಬಂದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡದೆ ಕಾರನ್ನು ಜಾಕಿನಿಂದ ಇಳಿಸಬಾರದು.

ಬೈಕಂಪಾಡಿ ಲಾರಿಯವ

ಹಿರಿಯರು ಹೇಳಿದ್ದೆಲ್ಲ ಸರಿ. ನಾನು ಹತಾರದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ತೊಂದರೆ ಹುಟ್ಟುವುದು ಅಲ್ಲಿಯೇ.

991ರ ಐದು ಬೋಲ್ಟುಗಳನ್ನು ಬಿಗಿ ಮಾಡಬೇಕಾದದ್ದು ತಲಾ 160 ನ್ಯೂಟನ್ ಮೀಟರಿಗೆ. ಯಾವ ಒಳ್ಳೆಯ ಟಯರ್ ಅಂಗಡಿಯಲ್ಲಾದರೂ ಅಷ್ಟಕ್ಕೆ ಸಾಕಾಗುವ, ಬಿಗಿತ ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಇರುತ್ತದೆ. ಸೆಂಟರ್ ಲಾಕಿಗೆ ಬೇಕಾದದ್ದು 600. ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 61 ಕಿಲೋ ತೂಕ ನೇತುಹಾಕಿದರೆ ಎಷ್ಟೋ ಅಷ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಅದನ್ನೂ ಒಂದೇ ಸಲ ಅಲ್ಲ: ಮರೆಗೂ ನಟ್ಟು ಕೂರುವ ಇಳಿಜಾರು ಅಂಚಿಗೂ ಅಲ್ಯುಮಿನಿಯಂ ಪೇಸ್ಟ್ ಹಚ್ಚಿ, ಚಕ್ರ ನೆಲ ಬಿಟ್ಟಿರುವಾಗಲೇ ಒಬ್ಬರು ಒಳಗೆ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಇನ್ನೊಬ್ಬರು 600ಕ್ಕೆ ಬಿಗಿ ಮಾಡಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ ಸಡಿಲಿಸಿ, ಮತ್ತೆ 600ಕ್ಕೆ ತರಬೇಕು. ಒಬ್ಬನೇ ಮಾಡುವ ಕೆಲಸ ಇದಲ್ಲ.

ನಮ್ಮ ಲಾರಿಗಳ ಚಕ್ರದ ನಟ್ಟುಗಳಿಗೂ ಹೆಚ್ಚುಕಡಿಮೆ ಅಷ್ಟೇ ಬಲ ಬೇಕು. ಆದ್ದರಿಂದ ಬಂದರಿಗೆ ಹೋಗುವ ಲಾರಿಗಳು ನಿಲ್ಲುವ ಬೈಕಂಪಾಡಿಯಲ್ಲಿ ಮುಕ್ಕಾಲು ಇಂಚಿನ ವ್ರೆಂಚಿಗೆ ಬರವಿಲ್ಲ. ಇದನ್ನು ನಂಬಿಯೇ ಒಬ್ಬರು ಪರಿಚಯದವರು ಮೋಸ ಹೋದರು. ಹೋದ ಮಳೆಗಾಲದಲ್ಲಿ ಅವರ ಸೆಂಟರ್ ಲಾಕಿನ ಕಾರಿಗೆ ಹೊಂಡ ಬಡಿದು ಟಯರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂತು. ಅವರು ಕರೆದುಕೊಂಡು ಹೋದ ಅಂಗಡಿಯವನು, ಅಂಗಡಿ ಯಾವುದೆಂದು ನಾನು ಹೇಳುವುದಿಲ್ಲ, ತನ್ನಲ್ಲಿದ್ದ ಲಾರಿಯ ಸಾಕೆಟಿಗೆ ಬಟ್ಟೆ ಸುತ್ತಿ ಗಾಳಿಯ ಗನ್ ಇಟ್ಟ. ನಟ್ಟು ಬಿಚ್ಚಿತು, ನಿಜ. ಆದರೆ ಅದು ಅಲ್ಯುಮಿನಿಯಂ ನಟ್ಟು. ಮೇಲಿನ ಬಣ್ಣದ ಪದರ ಸುಲಿದು ಬೆಳ್ಳಗೆ ಲೋಹ ಕಂಡಿತು, ಒಂದು ಮೂಲೆ ಮೊಂಡಾಯಿತು. ಆ ಜಾಗದಿಂದಲೇ ಒಂದು ತಿಂಗಳೊಳಗೆ ಉಪ್ಪುಗಾಳಿ ಒಳಗೆ ಕೂತಿತು. ಆಮೇಲೆ ಹೊಸ ನಟ್ಟು ತರಿಸುವವರೆಗೆ ಕಾರು ಶೆಡ್ಡಿನಲ್ಲೇ ಇತ್ತು.

ಆದ್ದರಿಂದ ಬಲ ನಮ್ಮೂರಿನಲ್ಲಿದೆ, ಆದರೆ ಆ ನಟ್ಟಿಗೆ ಹೊಂದುವ ಸಾಕೆಟ್ ಕಾರಿನ ಜೊತೆಯಲ್ಲೇ ಇರಬೇಕು. ಬ್ಯಾಲೆನ್ಸಿಂಗ್ ಯಂತ್ರಕ್ಕೆ ಕೂರಿಸಲು ಬೇರೆ ಅಡಾಪ್ಟರ್ ಕೂಡ ಬೇಕು. ನಡುವಿನ ತೂತು ಅಷ್ಟು ದೊಡ್ಡದು. ನನ್ನನ್ನು ಕೇಳಿದರೆ ಐದು ಬೋಲ್ಟಿನದನ್ನೇ ತೆಗೆದುಕೊಳ್ಳಿ ಮಾರಾಯ್ರೆ.

ಮಣಿಪಾಲದ ಮೂಡುಗಾಳಿ

ಇಲ್ಲಿಯವರೆಗಿನ ಉತ್ತರಗಳನ್ನು ಓದಿದರೆ ಸೆಂಟರ್ ಲಾಕ್ ಇಟ್ಟುಕೊಂಡವರು ಊಟ ನಿದ್ದೆ ಬಿಟ್ಟು ನಟ್ಟು ಕಾಯುತ್ತಾರೆಂದು ಅನಿಸಬಹುದು. ನಾನು ಮೂರು ವರ್ಷಗಳಿಂದ ಅಂತಹ ಕಾರನ್ನು ಇಟ್ಟುಕೊಂಡಿದ್ದೇನೆ. ತಿಂಗಳಿಗೊಂದು ಭಾನುವಾರ ಬೆಳಕು ಹರಿಯುವ ಮೊದಲೇ ಹೆಬ್ರಿ ದಾಟಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತಿ, ಮೇಲೆ ಕಾಫಿ ಕುಡಿದು ಇಳಿದು ಬರುತ್ತೇನೆ. ಈ ಮೂರು ವರ್ಷಗಳಲ್ಲಿ ಚಕ್ರ ಬಿಚ್ಚಿದ್ದು ನಾಲ್ಕೇ ಸಲ.

ಸ್ವಲ್ಪ ಯೋಚಿಸಿ ನೋಡಿ. ನೀವು ಹೇಳಿದ ಎರಡೂ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ. ಕಂಪೆನಿ ಕೊಡುವುದು ಪಂಕ್ಚರ್ ಮುಚ್ಚುವ ದ್ರವ ಮತ್ತು ಗಾಳಿ ತುಂಬುವ ಪುಟ್ಟ ಕಂಪ್ರೆಸರ್. ಟಯರಿನ ತಳಕ್ಕೆ ಮೊಳೆ ಹೊಕ್ಕಿದ್ದರೆ ಅಂಗಡಿ ತಲುಪುವವರೆಗೆ ಆ ದ್ರವ ಸಾಕು, ದಾರಿಯಲ್ಲಿ ಚಕ್ರ ಬಿಚ್ಚುವ ಪ್ರಶ್ನೆಯೇ ಬರುವುದಿಲ್ಲ. ಪಕ್ಕ ಹರಿದರೆ ಎರಡು ಕಾರಿಗೂ ಫ್ಲಾಟ್‌ಬೆಡ್ ಲಾರಿಯೇ ಗತಿ, ಏಕೆಂದರೆ ಬೋಲ್ಟು ಬಿಚ್ಚಿದರೂ ಹಾಕಲು ಬೇರೆ ಚಕ್ರ ಎಲ್ಲಿದೆ? ಹೆದ್ದಾರಿಯ ಬದಿಯಲ್ಲಿ ನಿಂತಾಗ ಐದು ಬೋಲ್ಟಿನವರು ನನಗಿಂತ ಒಂದು ಹೆಜ್ಜೆಯೂ ಮುಂದಿರುವುದಿಲ್ಲ. ವ್ಯತ್ಯಾಸ ಶುರುವಾಗುವುದು ಕಾರು ಟಯರ್ ಅಂಗಡಿಗೆ ತಲುಪಿದ ಮೇಲೆ, ಮತ್ತು ಅಲ್ಲಿಗೆ ನನ್ನ ಸಾಕೆಟ್ಟನ್ನೂ ಉದ್ದ ಹಿಡಿಯ ವ್ರೆಂಚನ್ನೂ ಪೇಸ್ಟಿನ ಟ್ಯೂಬನ್ನೂ ನಾನೇ ಒಯ್ಯುತ್ತೇನೆ. ಅಂಗಡಿಯ ಹುಡುಗನಿಗೆ ಗನ್ ಮುಟ್ಟಬೇಡ ಎಂದು ಮೊದಲೇ ಹೇಳಿ ಪಕ್ಕದಲ್ಲೇ ನಿಲ್ಲುತ್ತೇನೆ. ಮಲ್ಪೆಯ ಕಡೆಗೆ ಹೋಗಿ ಬಂದ ದಿನ ಸಿಹಿನೀರಿನಿಂದ ಚಕ್ರದ ನಡುಭಾಗ ತೊಳೆಯುತ್ತೇನೆ. ಇಷ್ಟೇ ನನ್ನ ಸೇವೆ.

ಲಾರಿಯವರಿಗೆ ಒಂದು ಮಾತು: ಐದು ಬೋಲ್ಟಿನ ಪೋರ್ಷೆಯಲ್ಲೂ ಸಾಮಾನ್ಯವಾಗಿ ಪ್ರತಿ ಚಕ್ರಕ್ಕೆ ಒಂದು ಕಳ್ಳತನ ತಡೆಯುವ ಬೋಲ್ಟು ಇರುತ್ತದೆ. ಅದನ್ನು ಬಿಚ್ಚುವ ಪುಟ್ಟ ಕೀಲಿ ಟೂಲ್ ಕಿಟ್ಟಿನಲ್ಲಿ ಇರಬೇಕು. ಹಿಂದಿನ ಮಾಲೀಕ ಅದನ್ನು ಕಳೆದಿದ್ದರೆ ನಿಮ್ಮ ಸುಲಭದ ಚಕ್ರವೂ ಬಿಚ್ಚುವುದಿಲ್ಲ.

ಕದ್ರಿಯವರೇ, ಚಕ್ರ ನೋಡಿ ಕಾರು ಆರಿಸಬೇಡಿ. ಜಿಟಿಎಸ್ ಹಿಂಬದಿಯಲ್ಲಿ ಅಗಲ, ಹಿಂದಿನ ಟಯರು 305 ಮಿಲಿಮೀಟರ್ ಅಗಲದ್ದು, ಕರೆರಾ ಎಸ್‌ನದು 295. ಎರಡನ್ನೂ ಓಡಿಸಿ. ಜಿಟಿಎಸ್ ಮನಸ್ಸಿಗೆ ಬಂದರೆ, ಹಣ ಕೊಡುವ ಮೊದಲು ನಾಲ್ಕು ಚಕ್ರಗಳನ್ನೂ ನಿಮ್ಮ ಕಣ್ಣೆದುರೇ ಬಿಚ್ಚಿಸಿ.

ಹಳೆ ಪಾನಾ, ಉಡುಪಿ

ಸ್ಟೆಪ್ನಿಯ ಮಾತನ್ನು ನಾನು ಮರೆತೇಬಿಟ್ಟಿದ್ದೆ, ಮಣಿಪಾಲದವರ ವಾದ ಅಲ್ಲಿ ಗಟ್ಟಿಯಾಗಿದೆ. ಬಿಚ್ಚಿಸುವಾಗ ಹಬ್ಬಿನ ಮರೆಯನ್ನೂ ನೋಡಿ. 2010ರ ಜಿಟಿ3ಗಳ ಹಿಂದಿನ ಹಬ್ಬುಗಳನ್ನು ಬದಲಿಸಲು ಕಂಪೆನಿಯೇ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ನಿಮ್ಮದು ಆ ಮಾದರಿಯಲ್ಲ, ಹೆದರಬೇಕಾಗಿಲ್ಲ; ಆದರೆ ಹಬ್ಬು ಕೆಟ್ಟರೆ ನಟ್ಟು ಬದಲಿಸಿದಷ್ಟು ಸುಲಭಕ್ಕೆ ಮುಗಿಯುವುದಿಲ್ಲ ಎಂಬುದು ನೆನಪಿರಲಿ.

ಕದ್ರಿ ಗುಡ್ಡೆ

ಎಲ್ಲರಿಗೂ ಕೃತಜ್ಞತೆಗಳು. ಮೊನ್ನೆ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಎರಡು ಕಾರುಗಳನ್ನೂ ನೋಡಿ ಬಂದೆ.

ಜಿಟಿಎಸ್ ಓಡಿಸಿ ಇಳಿದಾಗ ಮನಸ್ಸು ಅದರ ಕಡೆಗೇ ವಾಲಿತ್ತು. ಚಕ್ರ ಬಿಚ್ಚಿಸೋಣ ಎಂದೆ. ಮಾರುವವರು ಡಿಕ್ಕಿ ಹುಡುಕಿದರು, ಮನೆಯ ಕಪಾಟು ಹುಡುಕಿದರು, ಸಾಕೆಟ್ ಇರಲಿಲ್ಲ. ಕೊನೆಗೆ ಅವರೇ ಗೆಳೆಯರೊಬ್ಬರಿಂದ ತರಿಸಿದರು. ಮುಂದಿನ ಎರಡು ಚಕ್ರಗಳು ಸಲೀಸಾಗಿ ಬಂದವು. ಹಿಂದಿನ ಎಡಚಕ್ರದ ನಟ್ಟು ಕಿರುಗುಟ್ಟುತ್ತಾ ಬಂತು. ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಪೇಸ್ಟಿನ ಕುರುಹೇ ಇಲ್ಲ, ಇಳಿಜಾರು ಅಂಚಿನ ಸುತ್ತ ಉಂಗುರದಂತೆ ಗೀರು ಬಿದ್ದಿದೆ, ಹಬ್ಬಿನ ಮೊದಲ ಎರಡು ಮರೆಗಳಲ್ಲಿ ಅಲ್ಯುಮಿನಿಯಂ ಚೂರು ಅಂಟಿಕೊಂಡಿದೆ. ಸಾಕೆಟ್ಟೇ ಇಲ್ಲದ ಮನೆಯಲ್ಲಿ ಆ ಚಕ್ರವನ್ನು ಹಿಂದೆ ಯಾರು, ಯಾವುದರಿಂದ ಬಿಚ್ಚಿದ್ದರೋ. ಅವರು ಬೆಲೆ ಇಳಿಸುತ್ತೇನೆಂದರು, ನಾನು ಕೈ ಮುಗಿದು ಬಂದೆ.

ಕರೆರಾ ಎಸ್‌ಗೆ ಮುಂಗಡ ಕೊಟ್ಟಿದ್ದೇನೆ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿಯದಿದ್ದರೆ ಮುಂದಿನ ಶನಿವಾರ ಇಳಿಸಿಕೊಂಡು ಬರುತ್ತೇನೆ. ಅಂದ ಹಾಗೆ, ಮುಂಗಡ ಕೊಡುವ ಮೊದಲು ನಾನು ಮಾಡಿದ ಕೆಲಸವೆಂದರೆ ಟೂಲ್ ಕಿಟ್ ತೆರೆದು ಆ ಕಳ್ಳ ಬೋಲ್ಟಿನ ಕೀಲಿ ಹುಡುಕಿದ್ದು. ಪ್ಲಾಸ್ಟಿಕ್ ಚೀಲದಲ್ಲಿ, ಒಂದು ಹಳೆಯ ಪೆಟ್ರೋಲ್ ರಸೀದಿಯ ಜೊತೆ, ಭದ್ರವಾಗಿತ್ತು.