ನೀಲಿಯಿಂದ ಗುಲಾಬಿಗೆ: ಪಿಕಾಸೊ ಬಣ್ಣ ಬದಲಿಸಿದ್ದು ಯಾಕೆ?

ಪ್ರಶ್ನೆ (ಬದಿಯಡ್ಕದ ಒಬ್ಬ ತಾಯಿ):
ಮಾಷ್ಟ್ರೇ, ನನ್ನ ಮಗಳು ಪ್ಲಸ್ ಟು ಓದುತ್ತಿದ್ದಾಳೆ. ಚಿತ್ರದ ಹುಚ್ಚು ಜಾಸ್ತಿ. ಪಿಕಾಸೊನ ಎರಡು ಚಿತ್ರಗಳ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದಾಳೆ. ಒಂದರಲ್ಲಿ ಗಿಟಾರ್ ಹಿಡಿದ ಮುದುಕ, ಪೂರ್ತಿ ನೀಲಿ. ಇನ್ನೊಂದರಲ್ಲಿ ಸರ್ಕಸ್‌ನವರ ಗುಂಪು, ಗುಲಾಬಿ ಮತ್ತು ಮಣ್ಣಿನ ಬಣ್ಣ. ನಡುವೆ ಒಂದೆರಡು ವರ್ಷ ಅಷ್ಟೇ ಅಂತೆ. ಇಷ್ಟು ಬೇಗ ಹೇಗೆ ಬದಲಾದ? ದುಡ್ಡಿಲ್ಲದೆ ನೀಲಿ ಬಣ್ಣ ಮಾತ್ರ ಇತ್ತು ಅಂತ ಒಬ್ಬರು ಹೇಳಿದರು. ನಿಜವಾ?

ಉತ್ತರ (ಚಿತ್ರಕಲಾ ಅಧ್ಯಾಪಕ, ಕಾಸರಗೋಡು):
ಬಡತನ ನಿಜ. ಒಂದೇ ಬಣ್ಣ ಇತ್ತು ಅನ್ನುವುದನ್ನು ಆ ಮುದುಕನ ಚಿತ್ರವೇ ಒಪ್ಪುವುದಿಲ್ಲ. ಹತ್ತಿರ ಹೋಗಿ ನೋಡಿ. ಮೈ, ಬಟ್ಟೆ, ಹಿಂದಿನ ಗೋಡೆ ಎಲ್ಲ ನೀಲಿ. ಗಿಟಾರ್ ಮಾತ್ರ ಕಂದು. ಅಂದರೆ ಕಂದು ಬಣ್ಣ ಕೈಯಲ್ಲಿತ್ತು. ಅದನ್ನು ಎಲ್ಲಿ ಇಡಬೇಕು ಅಂತ ಅವನೇ ಆರಿಸಿದ. ಬಡತನ ಕಾಣುವುದು ಬೇರೆ ಕಡೆ. ಹಳೆಯ ಕ್ಯಾನ್ವಾಸಿನ ಮೇಲೆಯೇ ಮತ್ತೆ ಚಿತ್ರ ಬರೆಯುತ್ತಿದ್ದ. ಈ ಮುದುಕನ ಬಾಗಿದ ಕತ್ತಿನ ಮೇಲ್ಗಡೆ ಒಂದು ಹೆಂಗಸಿನ ಮುಖ ಮಸುಕಾಗಿ ಕಾಣುತ್ತದೆ, ಮಗಳಿಗೆ ಹುಡುಕಲು ಹೇಳಿ. ಅದು ಕೆಳಗೆ ಮುಚ್ಚಿಹೋದ ಹಳೆ ಚಿತ್ರ.

ನೀಲಿಯ ಕಥೆ ಶುರುವಾಗುವುದು ಒಂದು ಸಾವಿನಿಂದ. 1901ರ ಫೆಬ್ರವರಿಯಲ್ಲಿ ಅವನ ಗೆಳೆಯ ಕಾರ್ಲೆಸ್ ಕಸಾಗೆಮಾಸ್ ಪ್ಯಾರಿಸ್‌ನ ಒಂದು ಕೆಫೆಯಲ್ಲಿ ಗುಂಡು ಹೊಡೆದುಕೊಂಡು ಸತ್ತ. ಪಿಕಾಸೊಗೆ ಆಗ 19 ವರ್ಷ. ಅವನು ಸ್ಪೇನ್‌ನಲ್ಲಿದ್ದ. ಆದರೆ ಸುದ್ದಿ ಬಂದ ಮರುದಿನವೇ ಕುಂಚ ನೀಲಿಯಾಗಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅವನ ಪ್ರದರ್ಶನದ ಚಿತ್ರಗಳು ಇನ್ನೂ ಝಗಮಗ ಬಣ್ಣದವು. ಗೆಳೆಯ ಬದುಕಿದ್ದ ಕೋಣೆಯಲ್ಲೇ ಉಳಿದುಕೊಂಡಿದ್ದ. ನೀಲಿ ಬಂದದ್ದು ಆಮೇಲೆ, ಮೆಲ್ಲಗೆ. ಕಸಾಗೆಮಾಸ್‌ನ ಸಾವನ್ನು ನೆನೆಯುತ್ತಾ ನೀಲಿಯಲ್ಲಿ ಬರೆಯತೊಡಗಿದೆ ಎಂದು ಮುಂದೆ ಅವನೇ ಹೇಳಿದ್ದಾನೆ. ಸಾವಿನ ಮನೆಯಲ್ಲಿ ಹೀಗೇ ಅಲ್ವಾ? ಮೊದಲ ದಿನಗಳು ಓಡಾಟದಲ್ಲೇ ಹೋಗುತ್ತವೆ. ಎಲ್ಲರೂ ಹೊರಟ ಮೇಲೆ ಮನೆ ಖಾಲಿ ಅನಿಸುತ್ತದೆ.

1904ರವರೆಗೂ ಭಿಕ್ಷುಕರು, ಕುರುಡರು, ಮಗುವನ್ನು ಅಪ್ಪಿಕೊಂಡ ತಾಯಂದಿರು. ಎಲ್ಲರೂ ಚಳಿಗೆ ಮುದುಡಿದವರ ಹಾಗೆ.

ಪ್ರಶ್ನೆ (ಕುಂಬಳೆಯ ಒಬ್ಬ ಯಕ್ಷಗಾನ ಕಲಾವಿದ):
ನಮ್ಮ ವೇಷಗಳಲ್ಲೂ ಬಣ್ಣಕ್ಕೆ ಅರ್ಥ ಇದೆ. ನೀಲಿ ಅಂದರೆ ದುಃಖ, ಗುಲಾಬಿ ಅಂದರೆ ಸಂತೋಷ, ಹೀಗೆ ಓದಬಹುದಾ?

ಉತ್ತರ:
ಒಳ್ಳೆಯ ಪ್ರಶ್ನೆ. ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ರಾಕ್ಷಸ ಅಂತ ಸಣ್ಣ ಮಕ್ಕಳಿಗೂ ಗೊತ್ತಾಗುತ್ತದೆ. ನೋಡುವವರಿಗೂ ವೇಷ ಕಟ್ಟುವವರಿಗೂ ತಲೆತಲಾಂತರದ ಒಪ್ಪಂದ ಅದು. ಪಿಕಾಸೊಗೆ ಅಂಥ ಒಪ್ಪಂದ ಇರಲಿಲ್ಲ.

ಇಲ್ಲಿಯದೇ ಒಂದು ನೀಲಿ ನೋಡಿ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುತ್ತಾರಲ್ಲ. ಮೈಲುತುತ್ತಿನ ಹರಳು ಗಾಢ ನೀಲಿ. ಸುಣ್ಣದ ನೀರು ಸೇರಿದ ಕೂಡಲೇ ಆಕಾಶದ ಬಣ್ಣ. ಮದ್ದು ಬಿಟ್ಟು ಬಂದವರ ಅಂಗಿ, ಕೈ, ಉಗುರಿನ ಸಂದು ಎಲ್ಲ ನೀಲಿ. ಅದನ್ನು ನೋಡಿ ನಮಗೆ ದುಃಖ ಆಗುವುದಿಲ್ಲ. ಕೆಲಸ ನೆನಪಾಗುತ್ತದೆ. ಆ ಮುದುಕನ ಚಿತ್ರದಲ್ಲಿ ದುಃಖ ಇರುವುದು ಮೊದಲು ಕತ್ತು ಬಾಗಿದ ರೀತಿಯಲ್ಲಿ, ತೀರಾ ಉದ್ದವಾದ ಬೆರಳುಗಳಲ್ಲಿ. ನೀಲಿ ಅದಕ್ಕೆ ಶ್ರುತಿ ಹಿಡಿಯುತ್ತದೆ. ಗಿಟಾರಿನ ಕಂದು ಬಿಟ್ಟರೆ ಬೇರೆ ಬಣ್ಣ ಇಲ್ಲದ ಕಾರಣ ಕಣ್ಣು ಆಚೀಚೆ ಓಡದೆ ರೇಖೆಯ ಮೇಲೆಯೇ ನಿಲ್ಲುತ್ತದೆ.

ಪ್ರಶ್ನೆ (ಬದಿಯಡ್ಕದ ತಾಯಿ):
ಹಾಗಾದರೆ ಗುಲಾಬಿಗೆ ಬಂದ ಮೇಲೆ ಖುಷಿಯಾಗಿದ್ದನಾ?

ಉತ್ತರ:
ಬದುಕು ಸ್ವಲ್ಪ ಹಗುರಾಯಿತು. 1904ರಲ್ಲಿ ಪ್ಯಾರಿಸ್‌ನಲ್ಲೇ ನೆಲೆ ನಿಂತ. ಮೊಂಮಾರ್ತ್ರ್ ಗುಡ್ಡದ ಒಂದು ಹಳೆ ಕಟ್ಟಡದಲ್ಲಿ ವಾಸ. ಅಲ್ಲಿ ಫೆರ್ನಾಂದ್ ಒಲಿವಿಯೆ ಸಿಕ್ಕಳು, ಪ್ರೀತಿ ಆಯಿತು. ಹತ್ತಿರದಲ್ಲೇ ಮೆದ್ರಾನೊ ಸರ್ಕಸ್. 1906ರಲ್ಲಿ ಚಿತ್ರವ್ಯಾಪಾರಿ ವೊಲಾರ್ 2000 ಫ್ರಾಂಕ್ ಕೊಟ್ಟು ಸುಮಾರು 20 ಚಿತ್ರ ಕೊಂಡ. ಆ ಬೇಸಿಗೆಯಲ್ಲಿ ಪಿಕಾಸೊ, ಫೆರ್ನಾಂದ್ ಇಬ್ಬರೂ ಗೊಸೋಲ್ ಎಂಬ ಸ್ಪೇನ್‌ನ ಬೆಟ್ಟದ ಹಳ್ಳಿಗೆ ಹೋದರು. ಅಲ್ಲಿ ಅವನ ಗುಲಾಬಿ ಸುಟ್ಟ ಮಣ್ಣಿನ ಬಣ್ಣಕ್ಕೆ ತಿರುಗಿತು, ನಮ್ಮ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಯ ಹತ್ತಿರಕ್ಕೆ.

ಆದರೆ ಮಗಳ ಗೋಡೆಯ ಸರ್ಕಸ್ ಚಿತ್ರವನ್ನು ಇನ್ನೊಮ್ಮೆ ನೋಡಿ. 1905ರದ್ದು. ಮೂಲ ಚಿತ್ರ ಏಳು ಅಡಿ ಎತ್ತರ ಇದೆ, ವಾಷಿಂಗ್ಟನ್‌ನ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಆರು ಜನ. ಆಟ ಇಲ್ಲ, ಡೇರೆ ಇಲ್ಲ, ಚಪ್ಪಾಳೆ ತಟ್ಟುವವರಿಲ್ಲ, ಸುತ್ತ ಬೋಳು ನೆಲ. ಚೌಕಳಿ ಬಟ್ಟೆಯ ವಿದೂಷಕ ಪುಟ್ಟ ಹುಡುಗಿಯ ಕೈ ಹಿಡಿದಿದ್ದಾನೆ, ಅವಳ ಮುಖ ನೋಡುತ್ತಿಲ್ಲ. ಟೊಪ್ಪಿಯ ಹೆಂಗಸು ಬಲಗಡೆ ಒಬ್ಬಳೇ ಕೂತಿದ್ದಾಳೆ. ಇದು ಖುಷಿಯಾ? ನನಗೆ ಹಾಗೆ ಕಾಣುವುದಿಲ್ಲ. ಚಳಿ ಬಿಟ್ಟಿದೆ. ಬೆನ್ನು ನೆಟ್ಟಗಾಗಿದೆ. ಬೇಸರ ಅಲ್ಲೇ ಇದೆ. ನನಗೆ ಈ ಚಿತ್ರ ನೀಲಿಗಿಂತ ಜಾಸ್ತಿ ಕಾಡುತ್ತದೆ, ಯಾಕೆಂದರೆ ಇಲ್ಲಿ ಯಾರೂ ಅಳುತ್ತಿಲ್ಲ.

ಮಗಳಿಗೆ ಒಂದು ಕೆಲಸ ಕೊಡುತ್ತೇನೆ. ಮನೆಯ ಒಬ್ಬರನ್ನೇ ಎರಡು ಸಲ ಬರೆಯಲಿ. ಮೊದಲನೆಯದಕ್ಕೆ ಪ್ರಶ್ಯನ್ ನೀಲಿ, ಬಿಳಿ, ಒಂದು ಚೂರು ಕಂದು. ಎರಡನೆಯದಕ್ಕೆ ಕಾವಿ, ಬಿಳಿ, ಒಂದು ಚೂರು ನೀಲಿ. ಕೂತ ಭಂಗಿ ಬದಲಾಗಬಾರದು. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವುದು ಬದಲಾಯಿತು ಅಂತ ಅವಳೇ ಹೇಳಲಿ.

ಬದಿಯಡ್ಕದ ತಾಯಿ:
ತುಂಬಾ ಉಪಕಾರ ಮಾಷ್ಟ್ರೇ. ಇವತ್ತು ಮದ್ದು ಬಿಟ್ಟು ಬಂದ ಅಪ್ಪನನ್ನು ಜಗಲಿಯಲ್ಲಿ ಕೂರಿಸಿದ್ದಾಳೆ. ಅಂಗಿ ಬದಲಿಸಲು ಬಿಡುತ್ತಿಲ್ಲ. ಕಾವಿ ಟ್ಯೂಬ್ ನಾಳೆಯವರೆಗೆ ನನ್ನ ಹತ್ತಿರ ಇರಲಿ ಅಂತ ಕೊಟ್ಟಿದ್ದಾಳೆ.